ಕಾಸರಗೋಡಿಗೆ ಹೊಸದಾಗಿ ಬಂದ ಕನ್ನಡ ಕ್ರೈಸ್ತರಿಗೆ: ಭಯದ ದಿನಗಳಲ್ಲಿ ಬೈಬಲ್

ಮದುವೆಯಾಗಿಯೋ, ಆಸ್ಪತ್ರೆಯ ಕೆಲಸಕ್ಕೋ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಕರ್ನಾಟಕದಿಂದ ಇಲ್ಲಿಗೆ ಬರುವ ಕನ್ನಡ ಕ್ರೈಸ್ತರಲ್ಲಿ ಅನೇಕರು ಮೊದಲ ತಿಂಗಳುಗಳನ್ನು ಒಳಗೊಳಗೇ ಹೆದರಿಕೊಂಡು ಕಳೆಯುತ್ತಾರೆ. ವಿಶ್ವಾಸವುಳ್ಳವರು ಹೆದರಬಾರದೆಂದು ಯಾರೋ ಕಲಿಸಿರುವುದರಿಂದ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆ ಪಾಠವನ್ನು ಮೊದಲು ಮರೆತುಬಿಡಿ. ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿಯೇ ದಿಗಿಲುಗೊಂಡರೆಂದು ಮಾರ್ಕನು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಆ ರಾತ್ರಿ ಅವರು ಮೂವರು ಶಿಷ್ಯರನ್ನು ಜೊತೆಗೆ ಕರೆದೊಯ್ದು, ಎಚ್ಚರವಾಗಿರಿ ಎಂದು ಕೇಳಿಕೊಂಡರು.

ಇಲ್ಲಿನ ಭಯಗಳಲ್ಲಿ ಹೆಚ್ಚಿನವು ಸಣ್ಣವು: ಓದಲು ಬಾರದ ಮಲಯಾಳದ ಬೋರ್ಡು, ಕಚೇರಿಯಲ್ಲಿ ಅರ್ಥವಾಗದ ಪ್ರಶ್ನೆ, ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಕರೆಂಟು ಹೋದ ಮನೆಯಲ್ಲಿ ಒಬ್ಬರೇ ಇರುವುದು. ದೊಡ್ಡದೂ ಒಂದಿದೆ. ಕಾಯಿಲೆ ಜೋರಾದರೆ ಸುಮಾರು 50 ಕಿಲೋಮೀಟರ್ ದೂರದ ಮಂಗಳೂರಿಗೆ ಹೋಗುವ ರೂಢಿ ಈ ಭಾಗದಲ್ಲಿದೆ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ಆ ದಾರಿಯೇ ಕಡಿದುಹೋಗಿದ್ದನ್ನು ಕಂಡವರಿಗೆ ಅಂಜಿಕೆ ಇನ್ನೂ ಪೂರ್ತಿ ಹೋಗಿಲ್ಲ. ಆದ್ದರಿಂದ ಹಳಬರು ನಿಮ್ಮ ಭಯವನ್ನು ಕೇಳಿ ನಗುತ್ತಾರೆಂದು ಭಾವಿಸಬೇಡಿ.

ನಾನು ಹೊಸಬರಿಗೆ ಓದಲು ಹೇಳುವ ಭಾಗ ಅರಸರ ಚರಿತ್ರೆಯ ಮೊದಲ ಗ್ರಂಥದ 19ನೆಯ ಅಧ್ಯಾಯ. ಕರ್ಮೆಲ್ ಬೆಟ್ಟದಲ್ಲಿ ನೂರಾರು ಮಂದಿಯನ್ನು ಒಬ್ಬನೇ ಎದುರಿಸಿದ ಪ್ರವಾದಿ ಎಲೀಯನು ರಾಣಿ ಈಜೆಬೆಲಳ ಒಂದೇ ಬೆದರಿಕೆಗೆ ನಡುಗಿ ಓಡಿಹೋಗುತ್ತಾನೆ. ಬೇರ್ಷೆಬದಲ್ಲಿ ತನ್ನ ಸೇವಕನನ್ನು ಬಿಟ್ಟು, ಒಬ್ಬಂಟಿಯಾಗಿ ಒಂದು ದಿನದ ದಾರಿ ನಡೆದು, ಒಂದು ಗಿಡದ ಕೆಳಗೆ ಕುಳಿತು ಸಾವನ್ನು ಬೇಡುತ್ತಾನೆ. ಜೊತೆಗಿದ್ದ ಒಬ್ಬನನ್ನೂ ಬಿಟ್ಟುಬಂದ ಮೇಲೆಯೇ ಅವನ ಬಾಯಿಂದ ಆ ಮಾತು ಬಂತೆಂಬುದನ್ನು ನಾವು ಸಾಮಾನ್ಯವಾಗಿ ಗಮನಿಸದೆ ಓದಿಬಿಡುತ್ತೇವೆ. ದೇವರು ಆಗ ಅವನನ್ನು ಗದರಿಸಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ನಿದ್ದೆ ಹೋದವನನ್ನು ದೂತನು ತಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ಎಲೀಯನು ತಿಂದು ಮತ್ತೆ ಮಲಗಿದನು. ದೂತನು ಎರಡನೆಯ ಸಲ ಬಂದು, ನಡೆಯಬೇಕಾದ ದಾರಿ ಬಹಳವಿದೆ, ಉಣ್ಣು ಎಂದನು. ಹೋರೇಬ್ ಬೆಟ್ಟದಲ್ಲಿ ದೇವರೊಡನೆ ಮಾತುಕತೆ ನಡೆದದ್ದು 40 ದಿನಗಳ ಪ್ರಯಾಣದ ನಂತರ. ನಾನೊಬ್ಬನೇ ಉಳಿದಿದ್ದೇನೆ ಎಂಬ ಅವನ ಅಳಲಿಗೆ, ನಿನ್ನಂಥವರು ಇನ್ನೂ 7000 ಮಂದಿ ಇದ್ದಾರೆ ಎಂಬ ಉತ್ತರವೂ, ಎಲೀಷನೆಂಬ ಜೊತೆಗಾರನೂ ದೊರೆತವು.

ಊಟ, ನಿದ್ದೆ, ಜನ, ಕೆಲಸ: ದೇವರು ಹಿಡಿದ ಈ ಕ್ರಮವನ್ನು ನಾವು ತಲೆಕೆಳಗು ಮಾಡುತ್ತೇವೆ. ಡ್ಯೂಟಿ ಮುಗಿಸಿ ಬಂದವರು ಊಟ ಬಿಟ್ಟು, ಬಾಗಿಲು ಹಾಕಿಕೊಂಡು, ನಡುರಾತ್ರಿಯವರೆಗೆ ಜಪಮಾಲೆ ಹಿಡಿದು ಕುಳಿತರೆ ಭಯ ಹೆಚ್ಚುವುದೇ ಹೊರತು ಇಳಿಯುವುದಿಲ್ಲ. ಗಂಜಿಯಾದರೂ ಸರಿ, ಮೊದಲು ಉಣ್ಣಿ. ಆಮೇಲೆ ಒಂದು ಕೀರ್ತನೆಯನ್ನು ಗಟ್ಟಿಯಾಗಿ ಓದಿ ಮಲಗಿ. ಮನಸ್ಸು ಚಂಚಲವಾಗಿದ್ದರೆ 27 ಅಥವಾ 56ನೆಯ ಕೀರ್ತನೆ ಸಾಕು. ಯಾವ ಸಮಾಧಾನವೂ ಒಗ್ಗದ ದಿನ, ದೂರಿನಲ್ಲೇ ಆರಂಭವಾಗಿ ದೂರಿನಲ್ಲೇ ಮುಗಿಯುವ 88ನೆಯದನ್ನು ಓದಿರಿ, ಅಂಥದ್ದೂ ಪ್ರಾರ್ಥನೆಯೇ. ಕಥೋಲಿಕರ ಬೈಬಲಿನಲ್ಲಿ 73, ಪ್ರೊಟೆಸ್ಟೆಂಟರದರಲ್ಲಿ 66 ಗ್ರಂಥಗಳಿದ್ದರೂ ಇಲ್ಲಿ ಹೇಳಿದವೆಲ್ಲ ಎರಡರಲ್ಲೂ ಇವೆ.

ಜನರನ್ನು ಸೇರುವ ದಾರಿ ಚರ್ಚಿನಿಂದಲೇ ಆರಂಭವಾಗಲಿ. 1890ರಲ್ಲಿ ಸ್ಥಾಪನೆಯಾದ ಬೇಳದ ಶೋಕಮಾತಾ ದೇವಾಲಯ, ಕಯ್ಯಾರು, ಮಂಜೇಶ್ವರ ಮುಂತಾದ ಕಥೋಲಿಕ ಚರ್ಚುಗಳು ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದವು. ಇವುಗಳಲ್ಲಿ ಕೊಂಕಣಿಯೇ ಹೆಚ್ಚು, ಆದ್ದರಿಂದ ಯಾವ ಪೂಜೆ ಯಾವ ಭಾಷೆಯಲ್ಲಿ ಎಂದು ಮೊದಲೇ ವಿಚಾರಿಸಿಕೊಳ್ಳಿ. ಕನ್ನಡ ಪೂಜೆ ಇಲ್ಲವೆಂದು ಮನೆಯಲ್ಲೇ ಉಳಿಯುವುದು ನನ್ನ ದೃಷ್ಟಿಯಲ್ಲಿ ತಪ್ಪು. ಫಾದರ್ ಅವರನ್ನು ಕಂಡು ನಿಮ್ಮ ವಾಳೆಯ (ಚರ್ಚಿನ ವಾರ್ಡಿನ) ಗುರ್ಕಾರರು, ಅಂದರೆ ಮುಖಂಡರು, ಯಾರೆಂದು ಕೇಳಿ. ಅವರು ಮನೆಗೆ ಬಂದು, ಮನೆಯಲ್ಲಿ ಎಷ್ಟು ಜನ, ನೀರಿಗೇನು ವ್ಯವಸ್ಥೆ, ರಾತ್ರಿ ಜೊತೆಗೆ ಯಾರಿದ್ದಾರೆ ಎಂದು ವಿಚಾರಿಸುತ್ತಾರೆ. ಅವರ ಫೋನ್ ನಂಬರನ್ನು ಬಾಗಿಲ ಹಿಂದೆ ಬರೆದಿಟ್ಟುಕೊಳ್ಳುವುದು ಮಳೆಗಾಲದಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ಬಾಬೆಲಿಗೆ ಒಯ್ಯಲ್ಪಟ್ಟವರಿಗೆ ಯೆರೆಮೀಯನು ಬರೆದ ಪತ್ರವನ್ನೂ ಓದಿ: ಮನೆ ಕಟ್ಟಿರಿ, ತೋಟ ಮಾಡಿರಿ, ನೀವಿರುವ ಪಟ್ಟಣದ ಒಳಿತಿಗಾಗಿ ಪ್ರಾರ್ಥಿಸಿರಿ ಎಂಬ ಮಾತು 29ನೆಯ ಅಧ್ಯಾಯದಲ್ಲಿದೆ. ಇಲ್ಲಿ ಅದರ ಮೊದಲ ಹೆಜ್ಜೆ ಮಲಯಾಳದ ಅಕ್ಷರ ಕಲಿಯುವುದು. ಬೋರ್ಡು ಓದಲು ಬಂದ ದಿನ ಅರ್ಧ ಭಯ ಹೋಗುತ್ತದೆ.

ಹಣ ಪಡೆದು ಭಯ ಬಿಡಿಸುತ್ತೇನೆ, ಮಾತ್ರೆ ನಿಲ್ಲಿಸಿ ಎನ್ನುವ ಪ್ರಾರ್ಥನೆಯವರಿಂದ ದೂರವಿರಿ. ಊಟ, ಜನ, ಪ್ರಾರ್ಥನೆ ಎಲ್ಲ ಇದ್ದೂ ವಾರಗಟ್ಟಲೆ ನಿದ್ದೆ ಬಾರದೆ ಎದೆ ಹೊಡೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕಾಣಬೇಕು. ಪೌಲನು ತನ್ನ ಪ್ರಿಯ ವೈದ್ಯನೆಂದು ಕರೆದ ಲೂಕನೇ ಸುವಾರ್ತೆ ಬರೆದವನೆಂದು ಸಭೆ ನಂಬಿಕೊಂಡು ಬಂದಿದೆ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಬಹುದು. ಭಾಷೆ ಕೇಳಿದಾಗ ಕನ್ನಡವನ್ನು ಆರಿಸಿಕೊಳ್ಳಿ.