ಪದ್ಯ ಮೊದಲೋ, ಯುದ್ಧ ಮೊದಲೋ: ಒಂದು ಅಡಿಟಿಪ್ಪಣಿಯನ್ನು ತಿದ್ದಿದ ಅನುಭವ

ಬಿಳಿಯರು ಇತರ ಜನರನ್ನು ಆಳುವುದೇ ಅವರ ಕರ್ತವ್ಯವೆಂದು ಸಾರುವ, ಇಂಗ್ಲಿಷ್ ಕವಿ ರಡ್ಯಾರ್ಡ್ ಕಿಪ್ಲಿಂಗನ ‘ದಿ ವೈಟ್ ಮ್ಯಾನ್ಸ್ ಬರ್ಡನ್’ (ಬಿಳಿಯನ ಹೊರೆ) ಪದ್ಯವನ್ನು ಕನ್ನಡಕ್ಕೆ ತರುವಾಗ, ‘ಫಿಲಿಪೈನ್ಸ್ ಯುದ್ಧವನ್ನು ಸಮರ್ಥಿಸಿ 1899ರಲ್ಲಿ ಬರೆದದ್ದು’ ಎಂದು ಒಂದು ಸಾಲಿನ ಅಡಿಟಿಪ್ಪಣಿ ಹಾಕಿದ್ದೆ. ಕರಡನ್ನು ಮತ್ತೆ ಓದಿದಾಗ ಆ ಸಾಲಿನ ಬಗ್ಗೆಯೇ ಅನುಮಾನ ಹುಟ್ಟಿತು. ಹೀಗಾಗಿ ಪದ್ಯವನ್ನು ಬರೆದದ್ದು, ಇತರರಿಗೆ ಕಳಿಸಿದ್ದು, ಅಚ್ಚಾದದ್ದು ಎಂಬ ಮೂರನ್ನೂ ಬೇರೆ ಬೇರೆಯಾಗಿ ಗುರುತು ಹಾಕಿಕೊಳ್ಳುತ್ತ ಹೋದೆ.

ಬರೆದ ಕಾಲವೇ ನನ್ನ ಟಿಪ್ಪಣಿಯನ್ನು ಅಲುಗಾಡಿಸಿತು. ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ವರ್ಷವಾದ 1897ರಲ್ಲಿ ಕೈಗೆತ್ತಿಕೊಂಡ ಈ ಪದ್ಯವನ್ನು ಕವಿ ಬದಿಗಿಟ್ಟು, ಅದರ ಬದಲು ‘ರಿಸೆಷನಲ್’ ಪದ್ಯವನ್ನು ಜುಲೈ 17ರ ‘ದಿ ಟೈಮ್ಸ್’ನಲ್ಲಿ ಪ್ರಕಟಿಸಿದ್ದ. ಸ್ಪೇನನ್ನು ಸೋಲಿಸಿದ ಅಮೆರಿಕದ ಮುಂದೆ ಫಿಲಿಪೈನ್ಸನ್ನು ಇಟ್ಟುಕೊಳ್ಳುವ ಪ್ರಶ್ನೆ ಬಂದಾಗ ಹಳೆಯ ಕರಡು ಹೊಸ ರೂಪ ಪಡೆದು, 1898ರ ನವೆಂಬರಿನಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷನಾದ ಥಿಯೊಡೋರ್ ರೂಸ್‌ವೆಲ್ಟನ ಕೈಸೇರಿತು. ಆತ ಅದನ್ನು ಸೆನೆಟರ್ ಹೆನ್ರಿ ಕ್ಯಾಬಟ್ ಲಾಜ್‌ಗೆ ಕಳಿಸುತ್ತ, ಕಾವ್ಯವಾಗಿ ಇದು ಸಾಧಾರಣವಾದರೂ ಅಮೆರಿಕದ ವಿಸ್ತರಣೆಯ ದೃಷ್ಟಿಯಿಂದ ವಿವೇಕದ ಮಾತು ಎಂಬರ್ಥದಲ್ಲಿ ಬರೆದ. ಅಚ್ಚಾಗುವ ಮೊದಲೇ ಪದ್ಯ ರಾಜಕಾರಣಿಗಳ ನಡುವೆ ಓಡಾಡಿತ್ತೆಂಬುದು ನನಗೆ ಇಡೀ ಹುಡುಕಾಟದ ಮುಖ್ಯ ಸಂಗತಿಯಾಗಿ ತೋರಿತು.

ಅಚ್ಚಾದ ದಿನವನ್ನು ಗೊತ್ತುಮಾಡುವುದು ಹೆಚ್ಚು ತಾಳ್ಮೆ ಬೇಡಿತು. ಪದ್ಯವನ್ನು ಅಚ್ಚುಹಾಕಿದ ಅಮೆರಿಕದ ‘ಮೆಕ್‌ಕ್ಲೂರ್ಸ್’ ಮಾಸಪತ್ರಿಕೆಯ ಸಂಚಿಕೆಯ ಮೇಲೆ 1899ರ ಫೆಬ್ರುವರಿ ಎಂದಷ್ಟೇ ಇರುತ್ತದೆ. ತಿಂಗಳ ಹೆಸರು ದಿನವನ್ನು ಹೇಳುವುದಿಲ್ಲ. ಅದಕ್ಕಾಗಿ ದಿನಪತ್ರಿಕೆಗಳ ಮೊರೆಹೋಗಬೇಕು. ಲಂಡನ್ನಿನ ‘ದಿ ಟೈಮ್ಸ್’ನಲ್ಲಿ ಅದು ಬಂದದ್ದು ಫೆಬ್ರುವರಿ 4ರಂದು. ಅದೇ ದಿನ ರಾತ್ರಿ ಮನಿಲಾದ ಹೊರವಲಯದಲ್ಲಿ ಗುಂಡು ಹಾರಿ ಅಮೆರಿಕ ಮತ್ತು ಫಿಲಿಪೈನ್ಸ್ ನಡುವಿನ ಯುದ್ಧ ಶುರುವಾಯಿತು. ಫೆಬ್ರುವರಿ 6ರಂದು ಅಮೆರಿಕದ ಸೆನೆಟ್, ಸ್ಪೇನ್ ಫಿಲಿಪೈನ್ಸನ್ನು ಅಮೆರಿಕಕ್ಕೆ ಬಿಟ್ಟುಕೊಡುವ ಪ್ಯಾರಿಸ್ ಒಪ್ಪಂದವನ್ನು 57ಕ್ಕೆ 27 ಮತಗಳಿಂದ, ಅಂದರೆ ಬೇಕಿದ್ದ ಮೂರನೆಯ ಎರಡು ಭಾಗಕ್ಕಿಂತ ಒಂದೇ ಒಂದು ಮತ ಹೆಚ್ಚು ಪಡೆದು, ಅನುಮೋದಿಸಿತು. ಮರುದಿನ ಸೆನೆಟರ್ ಬೆಂಜಮಿನ್ ಟಿಲ್ಮನ್ ಇದೇ ಪದ್ಯದ ಸಾಲುಗಳನ್ನು ಸಭೆಯಲ್ಲಿ ಓದಿದ್ದು ದ್ವೀಪಗಳ ಸ್ವಾಧೀನವನ್ನು ವಿರೋಧಿಸುವುದಕ್ಕೆ! ಪದ್ಯವನ್ನು ಯುದ್ಧದ ಸಮರ್ಥನೆಯೆಂದು ಕರೆದ ನನ್ನ ಟಿಪ್ಪಣಿ ಇಲ್ಲಿಗೆ ಬಿದ್ದುಹೋಯಿತು. ಕವಿ ಒತ್ತಾಯಿಸಿದ್ದು ಸ್ವಾಧೀನವನ್ನು, ಯುದ್ಧ ಆಮೇಲೆ ಬಂದದ್ದು. ಇದರಿಂದ ಪದ್ಯದ ಜನಾಂಗೀಯ ದರ್ಪ ಕಿಂಚಿತ್ತೂ ಕಡಿಮೆಯಾಗುವುದಿಲ್ಲ. ಆ ದರ್ಪಕ್ಕೆ ಉತ್ತರವಾಗಿ ಬ್ರಿಟಿಷ್ ಸಂಸದ ಹೆನ್ರಿ ಲಬೂಷೇರನ ಅಣಕು ಪದ್ಯ ‘ದಿ ಬ್ರೌನ್ ಮ್ಯಾನ್ಸ್ ಬರ್ಡನ್’ (ಕಂದುಬಣ್ಣದವನ ಹೊರೆ) ಅದೇ ಫೆಬ್ರುವರಿಯಲ್ಲಿ ಬಂತು.

ಮುಂದೆ 1903ರಲ್ಲಿ ‘ದಿ ಫೈವ್ ನೇಷನ್ಸ್’ ಸಂಕಲನಕ್ಕೆ ಪದ್ಯ ಸೇರಿತು. ಸಮಗ್ರ ಸಂಪುಟದಲ್ಲಿ ಶೀರ್ಷಿಕೆಯ ಕೆಳಗೆ ಅಮೆರಿಕ ಮತ್ತು ಫಿಲಿಪೈನ್ ದ್ವೀಪಗಳ ಹೆಸರಿದೆ. ಕವಿ ಹುಟ್ಟಿದ್ದು ಮುಂಬಯಿಯಲ್ಲಾದ್ದರಿಂದ ನಮ್ಮ ಓದುಗರು ಇದನ್ನು ಭಾರತದ ಬಗ್ಗೆ ಬರೆದದ್ದೆಂದು ಸುಲಭವಾಗಿ ತಿಳಿಯಬಹುದು. ಹಾಗಾಗಿ ಆ ಉಪಶೀರ್ಷಿಕೆಯನ್ನು ಅನುವಾದದಲ್ಲೂ ಉಳಿಸಿಕೊಂಡೆ. ಹಳೆಯ ಅಡಿಟಿಪ್ಪಣಿಯನ್ನು ಹೊಡೆದುಹಾಕಿ, 1897ರಿಂದ 1903ರವರೆಗಿನ ದಿನಾಂಕಗಳನ್ನು ಕ್ರಮವಾಗಿ ಕೊಟ್ಟೆ.