ಸಾಂಟಾ ಇಲ್ಲದ ಹಿಮದ ಕಾರ್ಡುಗಳು: ಆಲ್ಬಂ ಕೊಂಡು ಕೂಡಿಸಿದ ನನ್ನ ಅನುಭವ

ಸಾಂಟಾ ಇಲ್ಲದ, ಬರೀ ಹಿಮದ ಚಿತ್ರವಿರುವ ಹಳೇ ಅಂಚೆ ಕಾರ್ಡು ಯಾರಿಗೆ ಬೇಕು ಅಂತ ಇಲ್ಲಿ ಪೆನ್ಸಿಲ್ವೇನಿಯಾದ ಡೀಲರುಗಳು ಕೇಳುತ್ತಿದ್ದರು. ಹಳೇ ಕಾರ್ಡುಗಳು ತುಂಬಿದ ಇಡೀ ಆಲ್ಬಂ ಕೊಂಡರೆ ದುಡ್ಡು ಮುಳುಗುತ್ತೆ ಅಂತಲೂ ಹೇಳಿದರು. ಈಗ ನನ್ನ ಹತ್ತಿರ ಆರುನೂರರಷ್ಟು ಕ್ರಿಸ್‌ಮಸ್, ಹೊಸವರ್ಷದ ಹಿಮದ ಕಾರ್ಡುಗಳಿವೆ. ಬಹುಪಾಲು 1907ರಿಂದ 1915ರ ನಡುವಿನವು. ಆಲ್ಬಂಗಳಲ್ಲಿ ಬಂದವಕ್ಕೆ ಕಾರ್ಡಿಗೆ ಅರ್ಧ ಡಾಲರ್ ಕೂಡ ಬಿದ್ದಿಲ್ಲ.

ಮೊದಲು ಒಂದೊಂದೇ ತರಿಸುತ್ತಿದ್ದೆ. ಐದು ಡಾಲರ್ ಕಾರ್ಡಿಗೆ ನಾಲ್ಕು ಡಾಲರ್ ಅಂಚೆ ಖರ್ಚು! ಒಬ್ಬರು ರಟ್ಟೇ ಇಡದೆ ಕಳಿಸಿದ್ದರು, ಚರ್ಚಿನ ಗೋಪುರದ ನಟ್ಟನಡುವೆ ಮಡಿಕೆ. ಒಂದು ವರ್ಷದಲ್ಲಿ ನಾನೂರು ಡಾಲರ್ ಹೋಯಿತು, ಶೂ ಡಬ್ಬಿಯ ಕಾಲುಭಾಗವೂ ತುಂಬಲಿಲ್ಲ.

ಆಮೇಲೆ ಎಸ್ಟೇಟ್ ಸೇಲ್‌ಗಳಲ್ಲಿ, ಅಂದರೆ ತೀರಿಕೊಂಡವರ ಮನೆ ಸಾಮಾನು ಮಾರುವಲ್ಲಿ, ಆಲ್ಬಂ ಹಿಡಿದೆ. ಇನ್ನೂರು ಕಾರ್ಡಿನದಕ್ಕೆ ಸುಮಾರು ನೂರು ಡಾಲರ್. ಹ್ಯಾಲೋವೀನ್ ಕಾರ್ಡು, ಕಾರ್ಡುಗಳಿಗೆ ಚಿತ್ರ ಬರೆಯುತ್ತಿದ್ದ ಎಲೆನ್ ಕ್ಲಾಪ್‌ಸ್ಯಾಡಲ್ ಸಹಿಯವು, ಸಣ್ಣ ಊರಿನ ರೈಲ್ವೆ ಸ್ಟೇಷನ್ನಿನ ಅಸಲಿ ಫೋಟೋ ಕಾರ್ಡು, ಇವನ್ನು ಮಾರಿದರೆ ಹಾಕಿದ ದುಡ್ಡು ವಾಪಸ್. ಹಿಮದವು ಪುಕ್ಕಟೆ ಉಳಿಯುತ್ತವೆ. ಸೇಲ್‌ಗೆ ಎಷ್ಟು ಹೊತ್ತಿಗೆ ಹೋಗುತ್ತೇನೆ, ಮನೆಯ ಯಾವ ಮೂಲೆ ಮೊದಲು ನೋಡುತ್ತೇನೆ ಅನ್ನೋದು ಮಾತ್ರ ನನ್ನಲ್ಲೇ ಇರಲಿ.

ಚಿತ್ರದ ಮೇಲೆ ಬರಹ ಇದ್ದರೆ ಡೀಲರುಗಳು ಬೆಲೆ ಇಳಿಸುತ್ತಾರೆ. ನಾನು ಬೇಕಂತಲೇ ಅವನ್ನೇ ಆರಿಸುತ್ತೇನೆ. 1907ರ ಮಾರ್ಚ್‌ವರೆಗೆ ಅಮೆರಿಕದಲ್ಲಿ ಹಿಂಬದಿಗೆ ವಿಳಾಸ ಬಿಟ್ಟು ಬೇರೇನೂ ಬರೆಯುವಂತಿರಲಿಲ್ಲ. ಹಾಗಾಗಿ ಚಿತ್ರದಲ್ಲಿ ಖಾಲಿ ಕಂಡ ಹಿಮದ ಮೇಲೇ ಬರೆದರು. ನನ್ನಲ್ಲಿರುವ ಒಂದರಲ್ಲಿ ಗುಡ್ಡದ ಇಳಿಜಾರಿನುದ್ದಕ್ಕೂ ಸಾಲುಗಳು ಓರೆಯಾಗಿ ಇಳಿದು, ಬೇಲಿಯ ಗೂಟಗಳ ನಡುವೆ ಸಹಿ ತೂರಿಕೊಂಡಿದೆ. ಶಾಯಿ ಕಂದಾಗಿದೆ, ಓದಲು ಏನೂ ಕಷ್ಟವಿಲ್ಲ. ಇಂಥದ್ದಕ್ಕೆ ನಾನು ಕೊಟ್ಟದ್ದು ಒಂದು ಡಾಲರ್!

ಆಲ್ಬಂಗೆ ಅಂಟಿಸಿದ್ದನ್ನು ಬಿಡಿಸೋಕೆ ನೀರಲ್ಲಿ ನೆನೆಸಿಯೂ ನೋಡಿದ್ದೇನೆ, ಬೆಲೆಯಿಲ್ಲದ ಹರಕು ಕಾರ್ಡುಗಳ ಮೇಲೆ. ಸಾದಾ ಮುದ್ರಣದವು ತಡೆದವು. ಚಿತ್ರ ಉಬ್ಬಿ ನಿಲ್ಲುವಂತೆ ಒತ್ತಿದ ಜರ್ಮನಿಯ ಉಬ್ಬಚ್ಚಿನವು ಚಪ್ಪಟೆಯಾದವು. ಹಿಮದ ಹೊಳಪಿಗೆ ಕಾಗೆಬಂಗಾರದ ಪುಡಿ ಉದುರಿಸಿದ ಕಾರ್ಡಂತೂ ಪೂರ್ತಿ ಬೋಳಾಯಿತು. ಈಗ ಅವನ್ನು ಹಾಳೆ ಸಮೇತ ಕತ್ತರಿಸಿ ಇಡುತ್ತೇನೆ.

ನಕಲಿ ಕಾರ್ಡು ಹಿಡಿಯೋಕೆ ನೇರಳಾತೀತ ಟಾರ್ಚ್ ಒಳ್ಳೇದು. ಹೊಸ ಕಾಗದ ನೀಲಿಬಿಳಿಯಾಗಿ ಬೆಳಗುತ್ತೆ, ಹಳೇದು ಮಂಕಾಗೇ ಇರುತ್ತೆ. ಮಾಮೂಲಿ ಟಾರ್ಚನ್ನೂ ಕಾರ್ಡಿನ ಹಿಂದೆ ಹಿಡೀರಿ. ಹತ್ತು ಡಾಲರ್ ಆಲ್ಬಂ ಒಂದರಲ್ಲಿ ಹಿಮದೊಳಗಿನ ಮನೆಯ ಕಿಟಕಿಗಳೆಲ್ಲ ಹಳದಿಯಾಗಿ ಹೊತ್ತಿಕೊಂಡವು. ಕಿಟಕಿ ಕತ್ತರಿಸಿ ಹಿಂದೆ ಬಣ್ಣದ ತೆಳು ಕಾಗದ ಕೊಟ್ಟ ಕಾರ್ಡು ಅದು. ಮೂವತ್ತು ಡಾಲರಿಗೆ ಕೇಳಿದರು, ಕೊಡಲಿಲ್ಲ.

ಈಗ ಹುಡುಕುತ್ತಿರೋದು ಮೊದಲ ಮಹಾಯುದ್ಧದ ಕಾಲದವು. 1917ರ ನವೆಂಬರಿನಲ್ಲಿ ಕಾರ್ಡಿನ ಅಂಚೆ ದರ ಒಂದು ಸೆಂಟಿನಿಂದ ಎರಡಕ್ಕೆ ಏರಿತು, 1919ರ ಜುಲೈನಲ್ಲಿ ಮತ್ತೆ ಇಳಿಯಿತು. ಅಂದರೆ ಆ ಅವಧಿಯಲ್ಲಿ ಎರಡು ಸೆಂಟಿನ ಕ್ರಿಸ್‌ಮಸ್ ಎರಡೇ ಎರಡು. ಅಂಥ ಹಿಮದ ಕಾರ್ಡು ಯಾರಲ್ಲಾದರೂ ಇದ್ದರೆ ಹೇಳಿ, ಒಂದಕ್ಕೆ ಎರಡು ಜರ್ಮನ್ ಉಬ್ಬಚ್ಚಿನವು ಕೊಡುತ್ತೇನೆ.