ಹಾಜರಿ ಪುಸ್ತಕ ಮತ್ತು ದ್ರಾಕ್ಷಿತೋಟ

ಗದಗ-ಬೆಟಗೇರಿಯಲ್ಲಿ ಮನೆ ಕಟ್ಟಿಕೊಡುವ ಸಣ್ಣ ಗುತ್ತಿಗೆದಾರ ನಾನು. ದೇವಶಾಸ್ತ್ರವನ್ನು ಕಾಲೇಜಿನಲ್ಲಿ ಓದಿದವನಲ್ಲ. ಸಿಎಸ್‌ಐ ಸಭೆಯ, ಅಂದರೆ ದಕ್ಷಿಣ ಭಾರತ ಚರ್ಚಿನ, ಸದಸ್ಯ. ಸಭಾಪಾಲಕರು (ಪಾಸ್ಟರ್) ಊರಲ್ಲಿಲ್ಲದ ಭಾನುವಾರ ಪ್ರಸಂಗದ, ಅಂದರೆ ಆರಾಧನೆಯಲ್ಲಿ ಉಪದೇಶ ಮಾಡುವ, ಪಾಳಿ ಆಗಾಗ ನನ್ನ ಮೇಲೆ ಬೀಳುತ್ತದೆ. ಹಾಗೊಮ್ಮೆ ಬೈಬಲಿನ ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯ, ಯೇಸು ಹೇಳಿದ ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮ್ಯ (ದೃಷ್ಟಾಂತ ಕಥೆ), ನನ್ನ ಪಾಲಿಗೆ ಬಂತು. ಪ್ರಸಂಗ ಹೇಗಿತ್ತೋ ಕೇಳಿದವರೇ ಹೇಳಬೇಕು. ಅದಕ್ಕಾಗಿ ಓದಿದ್ದು ಮಾತ್ರ ನನ್ನ ಹಾಜರಿ ಪುಸ್ತಕದೊಳಗೆ ಬಂದು ಕುಳಿತುಬಿಟ್ಟಿತು.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ತೋಟದ ಯಜಮಾನ ಬೆಳಗಾಗುತ್ತಲೇ ಹೋಗಿ, ಒಂದು ದಿನದ ಕೂಲಿ ಮಾತಾಡಿ ಆಳುಗಳನ್ನು ಕರೆತರುತ್ತಾನೆ. ಮತ್ತೆ ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಹೊತ್ತು ಮುಳುಗಲು ಒಂದು ತಾಸಿದೆ ಎನ್ನುವಾಗ ಐದಕ್ಕೂ ಹೋಗುತ್ತಾನೆ. ಸಂಜೆ ಎಲ್ಲರಿಗೂ ಒಂದೇ ಕೂಲಿ. ದಿನವಿಡೀ ಬಿಸಿಲಲ್ಲಿ ದುಡಿದವರು ಗೊಣಗುತ್ತಾರೆ. ಇದು ದೇವರ ಕೃಪೆಯ ಕಥೆ, ಎಳವೆಯಲ್ಲಿ ನಂಬಿದವನಿಗೂ ಮುಪ್ಪಿನಲ್ಲಿ ನಂಬಿದವನಿಗೂ ಒಂದೇ ರಕ್ಷಣೆ ಎಂದು ಸಂಡೇ ಸ್ಕೂಲಿನಿಂದಲೂ ಕೇಳಿದ್ದೇನೆ. ಅದು ಸರಿಯೇ. ಆದರೆ ಕೂಲಿ ಹಂಚುವವನು ಇದನ್ನು ಓದಿದಾಗ ಅವನ ಕಣ್ಣಿಗೆ ಬೀಳುವುದೇ ಬೇರೆ.

ಈ ಯಜಮಾನನಿಗೆ ಒಬ್ಬ ಪಾರುಪತ್ಯಗಾರನಿದ್ದಾನೆ. ಸಂಜೆ ಕೂಲಿ ಕೊಡುವವನು ಅವನೇ. ಆದರೂ ಆಳು ಕರೆಯಲು ಐದು ಸಲವೂ ಯಜಮಾನ ತಾನೇ ನಡೆದು ಹೋಗುತ್ತಾನೆ. ನಾನು ಅಲ್ಲಿಯವರೆಗೆ ಮೇಸ್ತ್ರಿಯನ್ನು ಕಳಿಸುತ್ತಿದ್ದೆ. ಮೇಸ್ತ್ರಿ ತರುವುದು ಗಟ್ಟಿಮುಟ್ಟಾದವರನ್ನು. ಅದು ಅವನ ತಪ್ಪಲ್ಲ, ಅವನ ಕೆಲಸ. ನಾನೇ ಹೋಗಲು ಶುರುಮಾಡಿದ ಮೇಲೆ ಆಳುಗಳು ಕೆಲಸಕ್ಕೆ ಕಾದು ನಿಲ್ಲುವ ಸರ್ಕಲ್ಲಿನಲ್ಲಿ ಹತ್ತು ಗಂಟೆಗೂ ಉಳಿದಿರುವವರು ಯಾರು ಎಂಬುದು ಕಾಣಿಸಿತು. ತಲೆ ನರೆತ ಗೌಂಡಿ, ಕಂಕುಳಲ್ಲಿ ಕೂಸು ಇಟ್ಟುಕೊಂಡ ಹೆಂಗಸು, ಕಣ್ಣಿಗೆ ಪೊರೆ ಬಂದು ಇನ್ನೂ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳದವನು. ಸುಮ್ಮನೆ ಯಾಕೆ ನಿಂತಿದ್ದೀರಿ ಎಂದು ಯಜಮಾನ ಕೇಳಿದಾಗ ಆ ಆಳುಗಳು, ನಮ್ಮನ್ನು ಯಾರೂ ಕರೆಯಲಿಲ್ಲ ಎನ್ನುತ್ತಾರಲ್ಲ, ಆ ಮಾತಿಗೆ ಸರ್ಕಲ್ಲಿನಲ್ಲಿ ನಿಂತು ನೋಡಿದವರಿಗೆ ವ್ಯಾಖ್ಯಾನ ಬೇಕಿಲ್ಲ. ಸೋಮಾರಿಗಳು ಹತ್ತು ಗಂಟೆಯವರೆಗೆ ಬಿಸಿಲಿಗೆ ನಿಲ್ಲುವುದಿಲ್ಲ, ಮನೆಗೆ ಹೋಗಿರುತ್ತಾರೆ.

ಈಗ ನನ್ನ ಕೆಲಸದಲ್ಲಿ ಒಬ್ಬಿಬ್ಬರು ಇಂಥವರು ಯಾವಾಗಲೂ ಇರುತ್ತಾರೆ. ಕಟ್ಟಡದಲ್ಲಿ ಹಗುರ ಕೆಲಸ ಹುಡುಕಿದರೆ ಇಲ್ಲದಿಲ್ಲ: ಇಟ್ಟಿಗೆಗೆ ನೀರು ಹೊಡೆಯುವುದು, ಮರಳು ಸಾಣಿಸುವುದು, ಹಳೆಯ ಮೊಳೆ ನೆಟ್ಟಗೆ ಮಾಡುವುದು, ಗೋಡೆ ಗಟ್ಟಿಯಾಗಲು ನೀರುಣಿಸುವ ಕ್ಯೂರಿಂಗ್ ಮಾಡುವುದು. ಬೆಳಗ್ಗೆ ತಡವಾಗಿ ಬಂದರೂ ಅವರಿಗೆ ಆ ದಿನದ ಪೂರ್ತಿ ಪಗಾರ ಬರೆಯುತ್ತೇನೆ. ಎಲ್ಲರಿಗೂ ಹಾಗೆ ಮಾಡಲು ನನ್ನ ಕೈಯಲ್ಲಾಗುವುದಿಲ್ಲ. ಚದರಡಿ ಲೆಕ್ಕದಲ್ಲಿ ಗುತ್ತಿಗೆ ಹಿಡಿದವನ ಲಾಭ ಎಷ್ಟು ತೆಳುವಾಗಿರುತ್ತದೆ ಎಂಬುದು ಸಿಮೆಂಟಿನ ದರ ಏರಿದ ತಿಂಗಳಲ್ಲಿ ಕೇಳಿದರೆ ತಿಳಿಯುತ್ತದೆ.

ಇನ್ನು ಕಥೆಯ ಗಲಾಟೆಯ ಭಾಗ. ಕೊನೆಗೆ ಬಂದವರಿಂದ ಶುರುಮಾಡಿ ಕೂಲಿ ಕೊಡು ಎಂದು ಯಜಮಾನ ಹೇಳುತ್ತಾನೆ. ಯಾವ ಗುತ್ತಿಗೆದಾರನನ್ನಾದರೂ ಕೇಳಿ, ಇಂಥ ಕೆಲಸ ಮಾಡುವುದಿಲ್ಲ. ಬೆಳಗ್ಗೆ ಬಂದವರಿಗೆ ಮೊದಲು ಕೊಟ್ಟು ಕಳಿಸಿದ್ದರೆ ಅವರು ಖುಷಿಯಿಂದ ಮನೆ ಸೇರುತ್ತಿದ್ದರು, ಗೊಣಗಾಟವೇ ಇರುತ್ತಿರಲಿಲ್ಲ. ಇಲ್ಲವೇ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, ಯಾರಿಗೂ ಹೇಳಬೇಡ ಎಂದು ಕೈಯಲ್ಲಿಡಬಹುದಿತ್ತು. ನಮ್ಮ ದಂಧೆಯ ರೀತಿಯೇ ಅದು. ಯೇಸುವಿನ ಕಥೆಯ ಯಜಮಾನ ಬೇಕೆಂದೇ ಎಲ್ಲರ ಕಣ್ಣೆದುರು ಕೊಡಿಸುತ್ತಾನೆ. ಗೊಣಗುವವನಿಗೆ ಬಾಯಿ ಮುಚ್ಚು ಎನ್ನುವುದೂ ಇಲ್ಲ. ಸ್ನೇಹಿತನೇ ಎಂದು ಕರೆದು ಲೆಕ್ಕ ಒಪ್ಪಿಸುತ್ತಾನೆ. ಕೃಪೆಗಿಂತ ಈ ಬಹಿರಂಗವೇ ನನಗೆ ಕಷ್ಟದ ಪಾಠವಾಯಿತು. ಗುಟ್ಟಾಗಿ ಉದಾರಿಯಾಗುವುದು ಸುಲಭ.

ಹಾಗಾಗಿ ನನ್ನ ಬಟವಡೆಯನ್ನು ಬದಲಿಸಿದೆ. ಶನಿವಾರ ಸಂಜೆ ಐದೂವರೆಗೆ ಕೆಲಸ ನಿಲ್ಲುತ್ತದೆ. ಸಿಮೆಂಟ್ ಚೀಲಗಳ ಮೇಲೆ ಹಲಗೆ ಹಾಕಿ ಹಾಜರಿ ಪುಸ್ತಕ ಬಿಚ್ಚಿಡುತ್ತೇನೆ. ಹೆಸರು, ದಿನ, ದರ, ಮುಂಗಡದಲ್ಲಿ ಕಡಿದದ್ದು, ಕೈಗೆ ಬರುವುದು, ಎಲ್ಲವನ್ನೂ ಗಟ್ಟಿಯಾಗಿ ಓದಿ ಹಣ ಎಣಿಸುತ್ತೇನೆ. ಓದು ಬಾರದವರೂ ಕೇಳಿಸಿಕೊಳ್ಳುತ್ತಾರೆ, ಪಕ್ಕದವರು ಲೆಕ್ಕ ತಿದ್ದುತ್ತಾರೆ. ಗೊಣಗಾಟ ಬಂದೇ ಬಂತು. ಒಬ್ಬ ಒಳ್ಳೆಯ ಗೌಂಡಿ, “ಸಾಹೇಬರೇ, ಆ ಮುದುಕನಿಗೂ ಪೂರಾ ಪಗಾರ ಅಂದರೆ ನಾನು ಯಾಕೆ ಬೆವರು ಸುರಿಸಲಿ?” ಎಂದು ಎಲ್ಲರೆದುರಿಗೇ ಕೇಳಿದ. “ನಿನ್ನ ದರದಲ್ಲಿ ಒಂದು ಪೈಸೆ ಕಡಿಮೆ ಮಾಡಿದ್ದೇನೇನಪ್ಪ?” ಎಂದೆ. ಅದು ಆ ಯಜಮಾನನದೇ ಉತ್ತರ, ನನ್ನದಲ್ಲ. ಗೌಂಡಿಗೆ ಅದು ಹಿಡಿಸಲಿಲ್ಲ. ಎರಡು ವಾರ ಬೇರೆ ಕಡೆ ಹೋದ, ಆಮೇಲೆ ಬಂದ.

ಗಟ್ಟಿಯಾಗಿ ಓದತೊಡಗಿದ ಮೇಲೆ ನನಗೇ ಕೇಳಲಾಗದ ಒಂದು ಸಾಲು ಆ ಪುಸ್ತಕದಲ್ಲಿತ್ತು. ಗಂಡಾಳಿಗೆ ಒಂದು ದರ, ಹೆಣ್ಣಾಳಿಗೆ ಇನ್ನೊಂದು. ಅವನು ಮಾಲು ಕಲಸುತ್ತಾನೆ, ಅವಳು ಅದೇ ಮಾಲನ್ನು ಬುಟ್ಟಿಯಲ್ಲಿ ಹೊತ್ತು ಏಣಿ ಹತ್ತುತ್ತಾಳೆ. ಸಮಾನ ವೇತನದ ಕಾನೂನು 1976ರಲ್ಲೇ ಬಂದಿದೆ. ಕಟ್ಟಡದ ಮೇಲೆ ಅದನ್ನು ಕಂಡವರು ಕಡಿಮೆ. ಪುಸ್ತಕ ಮುಚ್ಚಿಟ್ಟಷ್ಟು ದಿನ ಅದು ಊರ ರೂಢಿಯಾಗಿತ್ತು, ಓದಿದಾಗ ಅನ್ಯಾಯವಾಯಿತು. ಒಂದೇ ಸಲಕ್ಕೆ ಸರಿಮಾಡಲಾಗಲಿಲ್ಲ. ಪ್ರತಿ ಹೊಸ ಗುತ್ತಿಗೆಯಲ್ಲಿ ಅಂತರವನ್ನು ಕಡಿಮೆ ಮಾಡುತ್ತ ಬಂದೆ, ಮನೆ ಮಾಲೀಕರಿಗೆ ಅಂದಾಜುಪಟ್ಟಿಯಲ್ಲೇ ಅದನ್ನು ತೋರಿಸಿದೆ. ಕೆಲವರು ಒಪ್ಪಿದರು, ಕೆಲವರು ಅಗ್ಗದವನನ್ನು ಹುಡುಕಿಕೊಂಡು ಹೋದರು. ನೀನು ಊರ ಕೂಲಿ ಕೆಡಿಸಿದೆ ಎಂದು ಬೇರೆ ಗುತ್ತಿಗೆದಾರರು ಇವತ್ತಿಗೂ ಅನ್ನುತ್ತಾರೆ.

ಇದೇ ಸಾಮ್ಯ ನಮ್ಮ ದೇಶದ ಚರಿತ್ರೆಯಲ್ಲೂ ಒಂದು ಸುತ್ತು ಹೊಡೆದು ಬಂದಿದೆ. ಇಂಗ್ಲೆಂಡಿನ ಜಾನ್ ರಸ್ಕಿನ್ ಅರ್ಥಶಾಸ್ತ್ರದ ಮೇಲೆ ಬರೆದ ಪುಸ್ತಕಕ್ಕೆ ಈ ಕಥೆಯ ಮಾತನ್ನೇ, ‘ಅನ್‌ಟು ದಿಸ್ ಲಾಸ್ಟ್’ (ಈ ಕಡೆಯವನಿಗೂ) ಎಂದು, ಹೆಸರಾಗಿ ಇಟ್ಟ. 1904ರಲ್ಲಿ ಜೋಹಾನ್ಸ್‌ಬರ್ಗ್‌ನಿಂದ ಡರ್ಬನ್‌ಗೆ ಹೋಗುವ ರೈಲಿನಲ್ಲಿ ಗಾಂಧೀಜಿ ಅದನ್ನು ಓದಿ, ರಾತ್ರಿಯೆಲ್ಲ ನಿದ್ದೆಯಿಲ್ಲದೆ ಕಳೆದರು. ಅದರ ಬೆನ್ನಿಗೇ ಫೀನಿಕ್ಸ್ ಆಶ್ರಮ ಹುಟ್ಟಿತು. ಅಲ್ಲಿ ದುಡಿಯುವವರೆಲ್ಲರಿಗೂ ತಿಂಗಳಿಗೆ ಮೂರು ಪೌಂಡು, ಬಣ್ಣ ದೇಶ ನೋಡದೆ. ನಮ್ಮ ಸಭೆಗಳಲ್ಲಿ ರಕ್ಷಣೆಯ ಕಥೆಯಾಗಿಯೇ ಉಳಿದದ್ದನ್ನು ಕೂಲಿಯ ಕಥೆಯಾಗಿಯೂ ಓದಿ ಜಾರಿಗೆ ತಂದವರು ಕ್ರೈಸ್ತರಲ್ಲದ ಗಾಂಧೀಜಿ. ಇದನ್ನು ಪ್ರಸಂಗದಲ್ಲಿ ಹೇಳಿದಾಗ ಹಿಂದಿನ ಸಾಲಿನ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡರು.

ಮುಂಗಡದ ವಿಷಯ ಇನ್ನೂ ಗೋಜಲು. ವಾರದ ಬಟವಡೆ ಎಂದರೆ ಬುಧವಾರದ ಹೊತ್ತಿಗೆ ಆಳಿನ ಕೈ ಬರಿದು. ಅಲ್ಲಿಂದ ಶನಿವಾರದವರೆಗೆ ಬಡ್ಡಿಯವನೇ ಗತಿ. ಭಾರತದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ಹುಟ್ಟಿದ ಕಣಗಿನಹಾಳ ನಮ್ಮ ತಾಲ್ಲೂಕಿನಲ್ಲೇ ಇದೆ, ಬಡ್ಡಿಯ ಕುಣಿಕೆಯಿಂದ ರೈತರನ್ನು ಬಿಡಿಸಲು ಕಟ್ಟಿದ್ದು. ಆದರೆ ಹೊಲವಿಲ್ಲದ ಆಳಿಗೆ ಬೆಳೆಸಾಲ ಯಾರು ಕೊಡುತ್ತಾರೆ? ಬೈಬಲಿನ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ಈ ವಿಷಯದಲ್ಲಿ ನನಗೆ ಯಾವ ಕಾರ್ಮಿಕ ಕಾಯಿದೆಗಿಂತಲೂ ಖಚಿತವಾಗಿ ಮಾತಾಡುತ್ತದೆ. ಬಡ ಕೂಲಿಯವನು, ಅವನು ನಿನ್ನ ಕುಲದವನಾಗಲಿ ಪರದೇಶಿಯಾಗಲಿ, ಹೊತ್ತು ಮುಳುಗುವುದರೊಳಗೆ ಅವನ ಕೂಲಿ ಅವನ ಕೈಯಲ್ಲಿರಬೇಕು. ಅದೇ ಅಧ್ಯಾಯದಲ್ಲಿ ಇನ್ನೊಂದು ಆಜ್ಞೆ: ಬೀಸುವ ಕಲ್ಲನ್ನು ಒತ್ತೆ ಇಟ್ಟುಕೊಳ್ಳಬೇಡ, ಅದು ಅವನ ಜೀವವನ್ನೇ ಒತ್ತೆ ಇಟ್ಟುಕೊಂಡಂತೆ. ಮುಂಗಡ ತೀರುವ ತನಕ ಗೌಂಡಿಯ ಕರಣಿ, ಮಟ್ಟಗೋಲುಗಳನ್ನು ಶೆಡ್ಡಿನಲ್ಲಿ ಬೀಗ ಹಾಕಿಡುವವರನ್ನು ನಾನು ನೋಡಿದ್ದೇನೆ. ಬೀಸುವ ಕಲ್ಲು ಎಂದರೆ ಏನು ಎಂದು ಅವರಿಗೆ ಬಿಡಿಸಿ ಹೇಳಬೇಕಿಲ್ಲ.

ದಿನದ ಪಗಾರ ದಿನವೇ ಬೇಕೆನ್ನುವವರಿಗೆ ಈಗ ದಿನವೇ ಕೊಡುತ್ತೇನೆ. ಮುಂಗಡ ಕೇಳಿದರೆ ಒಂದು ವಾರದ ಪಗಾರಕ್ಕಿಂತ ಹೆಚ್ಚು ಕೊಡುವುದಿಲ್ಲ, ಅದನ್ನು ಒಂದೇ ವಾರದಲ್ಲಿ ಕಡಿಯುವುದೂ ಇಲ್ಲ. ಮದುವೆಗೆಂದು ದೊಡ್ಡ ಮೊತ್ತ ಕೇಳಿದವರಿಗೆ ಇಲ್ಲ ಎಂದು ಬೈಸಿಕೊಂಡಿದ್ದೇನೆ. ದೊಡ್ಡ ಮುಂಗಡ ಪಡೆದವನು ಮತ್ತೆ ನನ್ನನ್ನು ಬಿಟ್ಟು ಹೋಗಲಾರ, ಅದೇ ನನಗೆ ಬೇಡ.

ಸಬ್ಬತ್ತಿನದು, ಅಂದರೆ ವಾರದ ವಿಶ್ರಾಂತಿ ದಿನದ್ದು, ಬೇರೆಯೇ ಕಥೆ. ಭಾನುವಾರ ಕೆಲಸ ನಿಲ್ಲಿಸುವುದು ನನಗೆ ಆರಾಧನೆ. ಗೌಂಡಿಗೆ ಅದು ಪಗಾರವಿಲ್ಲದ ದಿನ. ಅವನಿಗೆ ಬೇಕಿರುವ ರಜೆ ಅಮಾವಾಸ್ಯೆಯದು, ಮುಸ್ಲಿಂ ಗೌಂಡಿಗೆ ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತು. ವಿಶ್ರಾಂತಿಯ ಆಜ್ಞೆಯಲ್ಲಿ ದಾಸದಾಸಿಯರ ಹೆಸರೂ ಇದೆ, ಯಜಮಾನನ ಅನುಕೂಲವಷ್ಟೇ ಅಲ್ಲ. ನಮಾಜಿನ ಹೊತ್ತಿಗೆ ಪಗಾರ ಕಡಿಯುವುದಿಲ್ಲ, ಅಮಾವಾಸ್ಯೆಗೆ ಕಾರಣ ಕೇಳುವುದಿಲ್ಲ. ಇನ್ನು ಸ್ಲ್ಯಾಬಿಗೆ ನಮ್ಮ ಪಂಚಾಂಗ ಗೊತ್ತಿಲ್ಲ, ಶನಿವಾರ ಹಾಕಿದರೆ ಭಾನುವಾರ ನೀರು ಕೇಳುತ್ತದೆ. ಆರಾಧನೆ ಮುಗಿಸಿ ಬಿಳಿ ಅಂಗಿಯಲ್ಲೇ ಪೈಪ್ ಹಿಡಿದು ನಾನು ಮೇಲೆ ನಿಂತದ್ದನ್ನು ನೋಡಿದ ಸಭೆಯವರಿಗೆ, ಬಾವಿಗೆ ಬಿದ್ದ ಎತ್ತನ್ನು ಸಬ್ಬತ್ ದಿನವೂ ಎತ್ತಬಹುದೆಂದು ಲೂಕನ 14ನೆಯ ಅಧ್ಯಾಯದಲ್ಲಿದೆ ಎಂದು ಹೇಳಿ ನಕ್ಕುಬಿಡುತ್ತೇನೆ.

ಇಲ್ಲ ಎನ್ನಲು ನನಗೆ ಹೆಚ್ಚು ಕಷ್ಟವಾಗಿರುವುದು ನಮ್ಮವರಿಗೇ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಪಡೆಯಲು ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಬೇಕು. ಹೊಲಿಗೆ ಮಾಡುವ ಬಂಧುವೊಬ್ಬರು ಆ ಕಾರ್ಡಿನಿಂದ ಮಗನಿಗೆ ಸಿಗುವ ವಿದ್ಯಾರ್ಥಿವೇತನಕ್ಕಾಗಿ ನನ್ನ ಸಹಿ ಕೇಳಿದರು. ಅವರ ಕಷ್ಟ ಸುಳ್ಳಲ್ಲ, ಪತ್ರ ಸುಳ್ಳು. ಆ ಮಂಡಳಿಯ ಹಣ ಬರುವುದು ಕಟ್ಟಡಗಳ ಮೇಲಿನ ಸೆಸ್‌ನಿಂದ, ನನ್ನ ಹೆಣ್ಣಾಳಿನ ಪಾಲು ಅದು. ಸಹಿ ಮಾಡಲಿಲ್ಲ. ಆ ವರ್ಷದ ಫೀಸಿನಲ್ಲಿ ಒಂದು ಭಾಗ ನಾನು ಕಟ್ಟಿದೆ, ಮಾತು ಮಾತ್ರ ಇನ್ನೂ ಸರಿಯಾಗಿಲ್ಲ. ಬೇರೊಂದು ಊರಿನ ಸಭೆಯೊಂದು ಕಾಂಪೌಂಡ್ ಗೋಡೆಯನ್ನು ದೇವರ ಸೇವೆ ಎಂದುಕೊಂಡು ಅರ್ಧ ದರಕ್ಕೆ ಕಟ್ಟಿಕೊಡಿ ಎಂದಿತು. ನನ್ನ ಲಾಭವನ್ನು ಪೂರ್ತಿ ಬಿಡುತ್ತೇನೆ, ಆಳಿನ ಪಗಾರವನ್ನು ನನ್ನ ಕಾಣಿಕೆಯಾಗಿ ಹಾಕುವ ಹಕ್ಕು ನನಗಿಲ್ಲ ಎಂದೆ. ಗೋಡೆಯನ್ನು ಬೇರೆಯವರು ಕಟ್ಟಿದರು.

ಈಗ ಮಗ ನನ್ನ ಜೊತೆ ಕೆಲಸ ನೋಡಿಕೊಳ್ಳುತ್ತಿದ್ದಾನೆ. ಎಲ್ಲರಿಗೂ ಮೊಬೈಲಿನಲ್ಲೇ ಹಣ ಹಾಕೋಣ, ಎಣಿಸುವ ರಗಳೆ ತಪ್ಪುತ್ತದೆ ಎನ್ನುತ್ತಾನೆ. ಗೌಂಡಿಗಳಿಗೆ ಹಾಗೇ ಹಾಕುತ್ತಿದ್ದೇವೆ. ಹೆಣ್ಣಾಳುಗಳ ಹೆಸರಿನ ಮುಂದೆ ಅವನು ಬರೆದುಕೊಂಡು ಬಂದ ನಂಬರುಗಳಲ್ಲಿ ಹೆಚ್ಚಿನವು ಗಂಡಂದಿರವು. ಅವರದೇ ಖಾತೆ ತೆರೆಯುವ ತನಕ ಅವರ ಹಣ ನಗದಾಗಿ ಅವರ ಕೈಗೇ ಎಂದು ಹೇಳಿದ್ದೇನೆ. ಮುಂದಿನ ವಾರ ಅವರಲ್ಲಿ ಮೂವರನ್ನು ಬ್ಯಾಂಕಿಗೆ ಕರೆದುಕೊಂಡು ಹೋಗುವುದು ಅವನ ಪಾಳಿ. ಆ ಅರ್ಧ ದಿನದ ಪಗಾರ ಹಾಜರಿ ಪುಸ್ತಕದಲ್ಲಿ ಎಂದಿನಂತೆ ಬೀಳುತ್ತದೆ.